ಹಲ್ಲು ನೆಡಿಸುವುದಕ್ಕೆ ಮುಂಚೆ

ಮುದ್ದೆ ನುಂಗುವವನಿಗೆ ಹಲ್ಲೇತಕ್ಕೆ ಎಂದು ನಮ್ಮ ಕೋಲಾರ ಸೀಮೆಯವರನ್ನು ವಿನೋದಕ್ಕಾಗಿ ಕೇಳಬಹುದು. ಆದರೆ ಕಡಲೆಕಾಯಿಯನ್ನು ಅಗಿಯಲಾರದೆ, ಸಭೆಯಲ್ಲಿ ಬಾಯಿಗೆ ಕೈಯನ್ನು ಅಡ್ಡವಿಟ್ಟು ಮಾತನಾಡುವವರ ಸಂಕಟವು ವಿನೋದದ ವಿಷಯವಲ್ಲ. ಇಂಥವರಲ್ಲಿ ಅನುಕೂಲವುಳ್ಳವರು ಬೆಂಗಳೂರಿಗೆ ಹೋಗಿ, ದವಡೆಯ ಮೂಳೆಯಲ್ಲಿ ಟೈಟೇನಿಯಂ ತಿರುಪನ್ನು ಕೂರಿಸಿ ಅದರ ಮೇಲೆ ಹಲ್ಲನ್ನು ಕಟ್ಟುವ ಇಂಪ್ಲಾಂಟ್ ಚಿಕಿತ್ಸೆಯನ್ನು ಮಾಡಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಹಣವನ್ನು ಸಿದ್ಧಪಡಿಸಿಕೊಳ್ಳುವಷ್ಟು ಶ್ರದ್ಧೆಯಿಂದ ದೇಹವನ್ನು ಸಿದ್ಧಪಡಿಸಿಕೊಳ್ಳದೆ ಹೊರಡುವವರೂ ಇರುವುದು ಮಾತ್ರ ವ್ಯಸನಕರವು.

ಸ್ವೀಡನ್ ದೇಶದ ಬ್ರಾನೆಮಾರ್ಕರು ಮೊಲದ ಕಾಲಿನ ಮೂಳೆಯಲ್ಲಿ ಇರಿಸಿದ್ದ ಟೈಟೇನಿಯಂ ಉಪಕರಣವು ಮೂಳೆಯೊಡನೆ ಬೆಸೆದು ಹೊರಬಾರದೆ ಹೋದುದನ್ನು 1952ರಲ್ಲಿ ಕಂಡರು. 1965ರಲ್ಲಿ ಮೊದಲ ರೋಗಿಯ ದವಡೆಯಲ್ಲಿ ಅದನ್ನು ಪ್ರಯೋಗಿಸಿದರು. ಇದರಿಂದ ನಾವು ತಿಳಿಯಬೇಕಾದುದೇನೆಂದರೆ, ತಿರುಪನ್ನು ಕೂರಿಸುವವರು ವೈದ್ಯರಾದರೂ ಅದನ್ನು ಹಿಡಿದುಕೊಳ್ಳತಕ್ಕದ್ದು ರೋಗಿಯ ಮೂಳೆಯೇ. ಆ ಬೆಸುಗೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಆದುದರಿಂದ ಸಿದ್ಧತೆಯಲ್ಲಿ ಅರ್ಧಪಾಲು ರೋಗಿಯ ಕೈಯಲ್ಲಿಯೇ ಇದೆ.

ಮೊದಲನೆಯದಾಗಿ, ಹಲ್ಲನ್ನು ಕೀಳಿಸಲೇಬೇಕೆ ಎಂಬುದನ್ನು ವಿಚಾರಿಸಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿರುವುದು ಸರ್ವವಿದಿತವು. ಬಾಲ್ಯದಲ್ಲಿ ಅಂಥ ನೀರನ್ನು ಕುಡಿದವರ ಹಲ್ಲುಗಳು ಹಳದಿಯಾಗಿಯೋ ಕಂದಾಗಿಯೋ ಕಾಣುತ್ತವೆ. ಮದುವೆಯ ವಯಸ್ಸಿನ ತರುಣ ತರುಣಿಯರು ಇದಕ್ಕಾಗಿ ನಾಚುವುದು ಸಹಜ. ಆದರೆ ಬಣ್ಣ ಕೆಟ್ಟಿರುವುದು ಹೊರಗಿನ ಕವಚ ಮಾತ್ರ. ಬೇರು ಗಟ್ಟಿಯಾಗಿಯೇ ಇರಬಹುದು. ಕಲೆಯನ್ನು ತಗ್ಗಿಸುವುದಕ್ಕೂ ಹೊದಿಕೆ ಹಾಕುವುದಕ್ಕೂ ಉಪಾಯಗಳಿರುವಾಗ, ಬಣ್ಣದ ಕಾರಣವಾಗಿ ಗಟ್ಟಿಹಲ್ಲನ್ನು ಕೀಳಿಸಿ ತಿರುಪನ್ನು ನೆಡಿಸುವುದು, ಸುಣ್ಣ ಮಾಸಿತೆಂದು ಗೋಡೆಯನ್ನೇ ಕೆಡವಿದಂತೆ.

ಹಲ್ಲು ಹೋಗಿಯೇ ಇದ್ದ ಪಕ್ಷದಲ್ಲಿ ವರ್ಷಗಟ್ಟಲೆ ತಡಮಾಡಬಾರದು. ಆ ಜಾಗದ ಮೂಳೆಯು ಮೊದಲ ವರ್ಷದಲ್ಲಿಯೇ ಬಹಳವಾಗಿ ಕರಗುತ್ತದೆ. ಉಳಿದಿರುವ ಮೂಳೆಯೆಷ್ಟು, ಕೆಳದವಡೆಯ ನರವೆಲ್ಲಿದೆ ಎಂಬುದನ್ನು ಎಕ್ಸ್-ರೇ ಅಥವಾ ಸ್ಕ್ಯಾನ್ ಮೂಲಕ ನೋಡಿಯೇ ಮುಂದುವರಿಯುವ ವೈದ್ಯರನ್ನು ಆಶ್ರಯಿಸಬೇಕು. ವಸಡಿನಲ್ಲಿ ರಕ್ತ ಕೀವುಗಳಿದ್ದರೆ ಮುಂಚಿತವಾಗಿ ಅದನ್ನು ಗುಣಪಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯುಳ್ಳವರು ಆ ದಿನದ ಸಕ್ಕರೆಯೊಂದನ್ನೇ ನೋಡಿ ತೃಪ್ತರಾಗದೆ, ಮೂರು ತಿಂಗಳ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆಯನ್ನು ಮಾಡಿಸತಕ್ಕದ್ದು. ಹತೋಟಿಯಿಲ್ಲದ ಸಕ್ಕರೆಯಿಂದ ಗಾಯವೂ ಮಾಯದು, ಮೂಳೆಯೂ ಬೆಸೆಯದು. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಒಂದೆರಡು ವಾರ ಮುಂಚಿತವಾಗಿಯೂ ಅನಂತರ ಎರಡು ತಿಂಗಳಾದರೂ ಬಿಡಬೇಕು. ಶಾಶ್ವತವಾಗಿ ಬಿಟ್ಟರೆ ಇನ್ನೂ ಲೇಸು.

ಔಷಧಗಳ ವಿಷಯದಲ್ಲಿ ಸಂಕೋಚ ಕೂಡದು. ರಕ್ತವನ್ನು ತೆಳುವಾಗಿಸುವ ಮಾತ್ರೆಯನ್ನಾಗಲಿ, ಮೂಳೆಯ ಸವೆತಕ್ಕೆ ಮಾತ್ರೆ ಚುಚ್ಚುಮದ್ದುಗಳನ್ನಾಗಲಿ ತೆಗೆದುಕೊಳ್ಳುವವರು ದಂತವೈದ್ಯರಿಗೆ ಅದನ್ನು ತಿಳಿಸತಕ್ಕದ್ದು. ತಾವಾಗಿಯೇ ನಿಲ್ಲಿಸಿದರೆ ಪ್ರಾಣಾಪಾಯವೂ ಉಂಟು. ಶಸ್ತ್ರಚಿಕಿತ್ಸೆಯೆಂದ ಮಾತ್ರಕ್ಕೆ ಉಪವಾಸವಿರುವ ವಾಡಿಕೆಯುಂಟು. ಬಾಯಿಯಷ್ಟನ್ನೇ ಮರಗಟ್ಟಿಸುವುದಾದರೆ ಸಾಮಾನ್ಯವಾಗಿ ಅದು ಅನಾವಶ್ಯಕ. ಸಕ್ಕರೆ ಕಾಯಿಲೆಯವರಿಗೆ ಅಪಾಯಕರವೂ ಹೌದು. ವೈದ್ಯರನ್ನು ಕೇಳಿ ನಡೆಯಬೇಕು. ಮುಳಬಾಗಿಲು ಶ್ರೀನಿವಾಸಪುರಗಳಿಂದ ಹೋಗುವವರು ಒಂದು ಪ್ರಯಾಣದ ಲೆಕ್ಕವನ್ನು ಹಾಕದೆ, ಹೊಲಿಗೆ ಬಿಚ್ಚಿಸುವುದಕ್ಕೂ ಹಲ್ಲನ್ನು ಕಟ್ಟಿಸುವುದಕ್ಕೂ ವರ್ಷ ವರ್ಷ ತೋರಿಸುವುದಕ್ಕೂ ಸೇರಿಸಿ ಹಾಕಬೇಕು. ನಮ್ಮ ಜಿಲ್ಲೆಯ ಕೆ.ಜಿ.ಎಫ್.ನಲ್ಲಿಯೇ ದಂತವೈದ್ಯ ಕಾಲೇಜಿರುವುದನ್ನೂ ಮರೆಯಬಾರದು.

ಸರ್ಕಾರದವರಿಗೂ ನಮ್ಮ ವಿಜ್ಞಾಪನೆಯೊಂದುಂಟು. ಇಂಪ್ಲಾಂಟಿನ ವೆಚ್ಚವನ್ನು ಬಡವರು ಭರಿಸಲಾರರು. ಆದರೆ ವಸಡಿನ ಚಿಕಿತ್ಸೆ, ಸಕ್ಕರೆಯ ಪರೀಕ್ಷೆ, ಹಲ್ಲನ್ನು ಉಳಿಸುವ ಉಪಾಯಗಳು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ನಡೆಯಬಹುದಾದ ಕೆಲಸಗಳು. ಅಲ್ಲಿನ ದಂತವಿಭಾಗಗಳಿಗೆ ಸಲಕರಣೆಯನ್ನೂ ಸಿಬ್ಬಂದಿಯನ್ನೂ ಒದಗಿಸಬೇಕು. ಎಲ್ಲಕ್ಕಿಂತ ಮೊದಲು ನೀರು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಮೀರಬಾರದೆಂದೂ, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ. ಕಾಯಿಸುವುದರಿಂದ ಫ್ಲೋರೈಡು ಹೋಗುವುದಿಲ್ಲ. ರುಚಿಯಿಂದ ತಿಳಿಯುವುದೂ ಇಲ್ಲ. ಆದುದರಿಂದ ಪ್ರತಿಯೊಂದು ಶುದ್ಧ ನೀರಿನ ಘಟಕದ ಗೋಡೆಯ ಮೇಲೂ ಪರೀಕ್ಷೆಯ ತಾರೀಖನ್ನೂ ಫ್ಲೋರೈಡಿನ ಪ್ರಮಾಣವನ್ನೂ ಬರೆಯಿಸುವುದು ಅಧಿಕಾರಿಗಳ ಕರ್ತವ್ಯವು.

ಯುದ್ಧಕಾಲೇ ಶಸ್ತ್ರಾಭ್ಯಾಸಃ ಎಂಬಂತೆ ಶಸ್ತ್ರವೈದ್ಯರ ಕುರ್ಚಿಯ ಮೇಲೆ ಕುಳಿತ ಬಳಿಕ ಸಿದ್ಧತೆಯನ್ನು ನೆನೆದು ಫಲವಿಲ್ಲ. ದೊಡ್ಡವರಿಗೆ ಅದು ಮೂರು ತಿಂಗಳ ಮುಂಚೆ ಆರಂಭವಾಗಲಿ. ಮಕ್ಕಳಿಗೆ ಇಂದು ಕುಡಿಸುವ ನೀರಿನ ಲೋಟದಿಂದಲೇ ಆರಂಭವಾಗಲಿ.