ಎದೆಬಡಿತದ ದಿಗಿಲಿಗೆ ತಾಲ್ಲೂಕಿನಲ್ಲೇ ಸಿಗಲಿ ಚಿಕಿತ್ಸೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಬರ ಹೊಸದಲ್ಲ. ಕೊಳವೆಬಾವಿ ಬತ್ತಿದಾಗ ಸಾಲದ ಲೆಕ್ಕ ಎಲ್ಲರಿಗೂ ಕಾಣುತ್ತದೆ. ರೈತನ ಮನಸ್ಸಿನ ಆತಂಕ ಕಾಣುವುದಿಲ್ಲ. ಅದು ಕಾಯಿಲೆಯಾಗಿ ಬೆಳೆದರೆ ಏಕಾಏಕಿ ಎದೆ ಹೊಡೆದುಕೊಳ್ಳುವುದು, ಉಸಿರುಗಟ್ಟಿದಂತಾಗುವುದು, ಸಾವೇ ಬಂತೆಂಬ ದಿಗಿಲು ಕಾಡಬಹುದು. ಸಾಮಾನ್ಯವಾಗಿ ಹತ್ತು ನಿಮಿಷಗಳಲ್ಲಿ ತಾರಕಕ್ಕೇರಿ ಇಳಿಯುವ ಈ ಸ್ಥಿತಿ ಹೃದಯಾಘಾತವನ್ನೇ ಹೋಲುವುದರಿಂದ ಮೊದಲು ಇಸಿಜಿ ಪರೀಕ್ಷೆ ಅಗತ್ಯ. ಆದರೆ ‘ಹೃದಯಕ್ಕೇನೂ ಆಗಿಲ್ಲ’ ಎಂದು ಮನೆಗೆ ಕಳುಹಿಸಿದರೆ ಸಾಲದು. ಆಪ್ತಸಮಾಲೋಚನೆ, ಔಷಧಗಳಿಂದ ಇದು ಹತೋಟಿಗೆ ಬರುತ್ತದೆ.

ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆತರುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರ್ಕಾರ ರೂಪಿಸಿದ್ದು ಇದಕ್ಕಾಗಿಯೇ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ (14416) ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ದೂರವಾಣಿ ಧೈರ್ಯ ತುಂಬೀತು; ನಿರಂತರ ಚಿಕಿತ್ಸೆಗೆ ಹತ್ತಿರದಲ್ಲೇ ವೈದ್ಯರು ಬೇಕು. ಬರ ಪರಿಹಾರದ ಪಟ್ಟಿಯಲ್ಲಿ ಮೇವು, ನೀರಿನೊಂದಿಗೆ ಇದೂ ಸೇರಬೇಕು.