ಬಡಾವಣೆಗೊಂದು ಗ್ರಂಥಾಲಯ ಬೇಕೆ?

ಕಳೆದ ವರ್ಷ ನಮ್ಮ ವಿದ್ಯಾರ್ಥಿ ಸಂಘದ ಆಶ್ರಯದಲ್ಲಿ ನಡೆದ ಚರ್ಚಾಸ್ಪರ್ಧೆಗೆ, "ಅಂತರ್ಜಾಲದ ಈ ಯುಗದಲ್ಲಿ ಬೆಂಗಳೂರಿಗೆ ಒಂದು ದೊಡ್ಡ ಗ್ರಂಥಾಲಯ ಸಾಕು, ಶಾಖೆಗಳು ಅನಾವಶ್ಯಕ" ಎಂಬ ವಿಷಯವನ್ನು ಕೊಟ್ಟಿದ್ದರು. ವಿರೋಧವಾಗಿ ಮಾತನಾಡಿದ ನಾನು ಸೋತೆನೆಂಬುದನ್ನು ಅಂದು ಸಭೆಯಲ್ಲಿದ್ದವರೆಲ್ಲ ಬಲ್ಲರು. ಎದುರು ಪಕ್ಷದ ಮಿತ್ರರು ಜೇಬಿನಿಂದ ಮೊಬೈಲನ್ನು ತೆಗೆದು ಮೇಲೆತ್ತಿ, "ನನ್ನ ಶಾಖೆ ಇದೇ" ಎಂದಾಗ ಎದ್ದ ಚಪ್ಪಾಳೆಯಲ್ಲಿ ನನ್ನ ವಾದ ಕೊಚ್ಚಿಹೋಯಿತು. ಅಂದು ಐದು ನಿಮಿಷಗಳಲ್ಲಿ ಹೇಳಲಾರದೆ ಹೋದುದನ್ನು ಇಲ್ಲಿ ಬರೆಯಲು ಸಂಪಾದಕ ಮಂಡಳಿಯವರು ಅವಕಾಶ ಕೊಟ್ಟಿದ್ದಾರೆ.

ಮೊಬೈಲಿನ ಉಪಕಾರವನ್ನು ನಾನು ಅಲ್ಲಗಳೆಯುವವಳಲ್ಲ. ನಮ್ಮ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು 2020ರಲ್ಲಿ ಆರಂಭವಾಯಿತು. ಅದೇ ವರ್ಷ ಮಹಾಮಾರಿಯಿಂದಾಗಿ ಎಲ್ಲ ಬಾಗಿಲುಗಳೂ ಮುಚ್ಚಿದ್ದಾಗ ಓದುವವರಿಗೆ ಅಂತಹ ನೆರವು ಸಣ್ಣದಲ್ಲ. ಆದರೆ ಬೇಕಾದುದೆಲ್ಲ ಅಂತರ್ಜಾಲದಲ್ಲಿ ಸಿಕ್ಕುತ್ತದೆಂಬುದು ಕನ್ನಡ ಓದುವವರ ಮಟ್ಟಿಗೆ ನಿಜವಲ್ಲ. ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಬಳಿಕವೂ 60 ವರ್ಷಗಳ ತನಕ ಅವರ ಕೃತಿಗಳಿಗೆ ಹಕ್ಕುಸ್ವಾಮ್ಯ ಉಂಟು. ಕುವೆಂಪು ಅವರು 1994ರಲ್ಲಿ, ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡರು. ಇವರ ಕಾದಂಬರಿಗಳು ಎಲ್ಲರೂ ಮುಕ್ತವಾಗಿ ಓದಬಹುದಾದ ಸೊತ್ತಾಗುವ ಹೊತ್ತಿಗೆ ನಮ್ಮ ತಲೆ ನರೆತಿರುತ್ತದೆ. ಅಲ್ಲಿಯವರೆಗೆ ಕೊಂಡು ಓದಬೇಕು, ಇಲ್ಲವೆ ಎರವಲು ತಂದು ಓದಬೇಕು. ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗಿದೆ?

ಇದು ಪುಸ್ತಕದ ಮಾತಾಯಿತು. ನನ್ನ ನಿಜವಾದ ವಾದ ಪುಸ್ತಕದ ಬಗೆಗಲ್ಲ. ನಮ್ಮ ಮನೆಯಲ್ಲಿರುವುದು ಒಂದು ಕೋಣೆ, ಒಂದು ಅಡುಗೆಮನೆ, ಇರುವವರು ಐವರು. ಸಂಜೆಯಾಯಿತೆಂದರೆ ಟೀವಿ, ಕುಕ್ಕರಿನ ಕೂಗು, ತಮ್ಮನ ಮಗ್ಗಿ, ನೆಂಟರ ಮಾತು ಎಲ್ಲವೂ ಆ ಒಂದೇ ಕೋಣೆಯಲ್ಲಿ. ಏಳೆಂಟು ನಿಮಿಷ ನಡೆದರೆ ಶಾಖಾ ಗ್ರಂಥಾಲಯ. ಕಟ್ಟಡ ಬಾಡಿಗೆಯದು, ಕೆಳಗೆ ಹಿಟ್ಟಿನ ಗಿರಣಿ. ಫ್ಯಾನುಗಳು ಎರಡಿವೆ, ತಿರುಗುವುದು ಒಂದು. ಆದರೂ ಅಲ್ಲಿ ಉದ್ದನೆಯ ಮೇಜಿದೆ, ದೀಪವಿದೆ, ಯಾರೂ "ಏಳು, ಹಾಸಿಗೆ ಹಾಸಬೇಕು" ಎನ್ನುವುದಿಲ್ಲ. ಬೆಳಗ್ಗೆ ನಿವೃತ್ತರಾದ ಹಿರಿಯರು ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಾರೆ. ಸಂಜೆ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಅಣ್ಣಂದಿರು, ಅಕ್ಕಂದಿರು ಬರುತ್ತಾರೆ. ಇವರಲ್ಲಿ ಹೆಚ್ಚಿನವರು ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ, ತಮ್ಮ ಪುಸ್ತಕಗಳನ್ನು ತಾವೇ ಚೀಲದಲ್ಲಿ ತರುತ್ತಾರೆ.

ನನ್ನ ಮಿತ್ರರು ಇದನ್ನೇ ಹಿಡಿದು, "ಪುಸ್ತಕ ಮುಟ್ಟದವರಿಗೆ ಗ್ರಂಥಾಲಯವೇಕೆ?" ಎಂದು ಕೇಳಿದ್ದರು. ಅಂದು ತಬ್ಬಿಬ್ಬಾದೆ. ಇಂದು ಹೇಳುತ್ತೇನೆ: ಅವರು ಬರುವುದು ಕುರ್ಚಿಗಾಗಿ, ಬೆಳಕಿಗಾಗಿ, ಎರಡು ಗಂಟೆಗಳ ಮೌನಕ್ಕಾಗಿ. ಕಾಸು ಕೊಡದೆ, ಕಾಫಿ ಕೊಳ್ಳದೆ, ಯಾರ ಮರ್ಜಿಯನ್ನೂ ಕಾಯದೆ ಕುಳಿತುಕೊಳ್ಳಬಹುದಾದ ಜಾಗ ಈ ನಗರದಲ್ಲಿ ಬೇರೆ ಎಲ್ಲಿದೆಯೆಂದು ಅವರೇ ತೋರಿಸಲಿ.

ಒಂದು ದೊಡ್ಡ ಗ್ರಂಥಾಲಯ ಸಾಲದೆ ಎಂದರೆ, ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾದ ಆ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದ್ದೇ ಇದೆ. ನೋಡಲೂ ಚೆಂದ, ಓದಲೂ ಚೆಂದ. ಆದರೆ ನಮ್ಮ ಬಡಾವಣೆಯಿಂದ ಎರಡು ಬಸ್ಸು ಹತ್ತಬೇಕು. 2023ರಿಂದ ನಮಗೆ, ಹೆಣ್ಣುಮಕ್ಕಳಿಗೆ, ಟಿಕೆಟ್ಟಿನ ಹಣವೇನೋ ಉಳಿದಿದೆ, ಹೊತ್ತು ಉಳಿದಿಲ್ಲ. ಕಾಲೇಜು ಬಿಟ್ಟು ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಬೀದಿಯ ತುದಿಯಲ್ಲಿ ಬಂದು ನಿಂತಿರುತ್ತಾರೆ. ಗ್ರಂಥಾಲಯಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯದ ಉಳಿತಾಯವನ್ನು ಕುರಿತದ್ದು. ತಮ್ಮ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಇದೇ ಬೆಂಗಳೂರಿನಲ್ಲಿ.

ಖರ್ಚಿನ ಮಾತನ್ನೂ ಆಡಿಬಿಡುತ್ತೇನೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೇರೆಗೆ, ಆಸ್ತಿ ತೆರಿಗೆಯ ಪ್ರತಿಯೊಂದು ರೂಪಾಯಿಯ ಮೇಲೂ 6 ಪೈಸೆ ಗ್ರಂಥಾಲಯ ಕರ ವಸೂಲಾಗುತ್ತದೆ. ಬಾಡಿಗೆಯವರಾದ ನಾವೂ ಅದನ್ನು ಬಾಡಿಗೆಯೊಳಗೇ ತೆರುತ್ತೇವೆಂದು ನನ್ನ ಎಣಿಕೆ. ವಸೂಲಾದ ಈ ಹಣ ಗ್ರಂಥಾಲಯ ಇಲಾಖೆಗೆ ಸಲ್ಲದೆ ಬಾಕಿ ನಿಂತಿರುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಹೀಗಿರುವಾಗ ಶಾಖೆಗಳು ದುಂದುವೆಚ್ಚವೆನ್ನುವುದು ನ್ಯಾಯವೆ?

ಶಾಖೆಗಳಲ್ಲಿ ಕುಂದಿಲ್ಲವೆಂದಲ್ಲ. ನಮ್ಮದು ಬೆಳಗ್ಗೆ ತೆರೆದು, ಮಧ್ಯಾಹ್ನ ಮುಚ್ಚಿ, ಸಂಜೆ ಮತ್ತೆ ತೆರೆಯುತ್ತದೆ. ಗೃಹಿಣಿಯರಿಗೆ ಬಿಡುವು ದೊರೆಯುವುದೇ ಮಧ್ಯಾಹ್ನ. ಹೊಸ ಪುಸ್ತಕದ ವಾಸನೆಯನ್ನು ಆ ಕಪಾಟುಗಳು ಮರೆತು ಬಹಳ ಕಾಲವಾಗಿದೆ. ಇವನ್ನೆಲ್ಲ ತಿದ್ದಬೇಕಾದುದೇ ಸರಿ. ಹಲ್ಲು ನೋಯುತ್ತದೆಂದು ದವಡೆಯನ್ನೇ ಕೀಳಿಸುವವರುಂಟೆ?

ಇದನ್ನು ಬರೆಯುತ್ತಿರುವಾಗ ನಮ್ಮ ಶಾಖೆಯ ಕಟ್ಟಡದ ಮಾಲೀಕರು ಜಾಗ ತೆರವು ಮಾಡುವಂತೆ ಕೇಳಿದ್ದಾರೆ. ಬೇರೆ ಮನೆ ಸಿಕ್ಕದಿದ್ದರೆ ಮೂರು ಕಿಲೋಮೀಟರು ಆಚೆಯ ಶಾಖೆಯೊಡನೆ ಇದನ್ನು ಸೇರಿಸುವರೆಂಬ ಮಾತು ಹಬ್ಬಿದೆ. ಹಿರಿಯರೊಬ್ಬರು ಮನವಿಪತ್ರವೊಂದನ್ನು ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದಾರೆ. ಮೊನ್ನೆ ಸಹಿ ಹಾಕಲು ಹೋದಾಗ, ಚರ್ಚೆಯಲ್ಲಿ ನನ್ನನ್ನು ಸೋಲಿಸಿದ ಮಿತ್ರರು ಕಿಟಕಿಯ ಬಳಿ ಕುಳಿತು ಆಂತರಿಕ ಪರೀಕ್ಷೆಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ಗದ್ದಲವೆಂದರು. ಹಾಳೆಯನ್ನೂ ಲೇಖನಿಯನ್ನೂ ಅವರ ಮುಂದಿಟ್ಟು ಬಂದಿದ್ದೇನೆ.