ಮೈ ಕರಗಿಸುವ ಹುಡುಗರಿಗೆ ಮೊದಲು ದಿನಾಂಕ ಹೇಳಿ

"ಇನ್ನು 28 ದಿನ ಇದೆ ಮಾರಾಯಾ. 9 ಕಿಲೋ ಇಳಿಸ್ಬೇಕು."

ನಮ್ಮ ಬಳಗದ ಗೆಳೆಯನೊಬ್ಬ ಹೀಗೆಂದಾಗ ನಾವು ನಕ್ಕು ಸುಮ್ಮನಾಗಿದ್ದೆವು. ದೇಹದಾರ್ಢ್ಯ ಸ್ಪರ್ಧೆಯ ಬ್ಯಾನರನ್ನು ಪೇಟೆಯಲ್ಲಿ ಅವತ್ತಷ್ಟೇ ಕಟ್ಟಿದ್ದರು. ಅದರ ಮೇಲೆ 'ನ್ಯಾಚುರಲ್' ಎಂದು ದೊಡ್ಡದಾಗಿ ಬರೆದಿತ್ತು. ಹುಡುಗ ಆ ಮಾತಿಗೆ ತಪ್ಪಲಿಲ್ಲ, ಇಂಜೆಕ್ಷನ್ ಮುಟ್ಟಲಿಲ್ಲ. ಆದರೆ ಅನ್ನ ಬಿಟ್ಟ, ಬೆಳಿಗ್ಗೆ ಸಂಜೆ ಓಡಿದ, ಕೊನೆಯ ಎರಡು ದಿನ ನೀರನ್ನೂ ಬಿಟ್ಟ. ವೇದಿಕೆಯ ಹಿಂದೆ ಸರದಿಯಲ್ಲಿ ನಿಂತವನು ಕಣ್ಣು ಕತ್ತಲೆ ಬಂದು ಕುಸಿದ. ಬೈಕಿನ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದವರು ನಾವೇ. ಸಲೈನ್ ಏರಿದ ಮೇಲೆ ಕಣ್ಣು ಬಿಟ್ಟವನ ಮೊದಲ ಮಾತು: "ಸ್ಪರ್ಧೆ ಮುಗೀತಾ?"

ಅವತ್ತಿನಿಂದ ಒಂದು ಮಾತು ಹೇಳಬೇಕು ಎನ್ನಿಸುತ್ತಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇಂಥ ಸ್ಪರ್ಧೆ ನಡೆಸುವ ಯುವಕ ಮಂಡಳಗಳಿಗೆ, ಜಿಮ್ ನಡೆಸುವ ಅಣ್ಣಂದಿರಿಗೆ ಹೇಳುವ ಮಾತು ಅದು. ಸ್ಪರ್ಧೆಯ ದಿನಾಂಕವನ್ನು ಆರು ತಿಂಗಳು ಮೊದಲೇ ಹೇಳಿ. ಮದ್ದಿಲ್ಲದೆ ಮೈ ಕರಗಿಸುವವನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಸಮಯ. ಅದನ್ನು ಕೊಡದೆ 'ನ್ಯಾಚುರಲ್' ಎಂದು ಬರೆದರೆ ಅದು ಬ್ಯಾನರಿನ ಮೇಲಷ್ಟೇ ಉಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಹುಡುಗನ ತೂಕ 72 ಕಿಲೋ, ಮೈಯಲ್ಲಿ ಕೊಬ್ಬು ಶೇ 18 ಎಂದುಕೊಳ್ಳಿ. ಅಂದರೆ ಸುಮಾರು 13 ಕಿಲೋ ಕೊಬ್ಬು, ಉಳಿದ 59 ಕಿಲೋ ಮಾಂಸಖಂಡ, ಮೂಳೆ, ನೀರು. ವೇದಿಕೆ ಮೇಲೆ ಸ್ನಾಯುವಿನ ಗೆರೆ ಕಾಣಬೇಕಾದರೆ ಕೊಬ್ಬು ಶೇ 6ರ ಹತ್ತಿರಕ್ಕೆ ಇಳಿಯಬೇಕು. ಅಲ್ಲಿಗೆ ಕರಗಬೇಕಾದದ್ದು 9 ಕಿಲೋ.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ವಾರಕ್ಕೆ ಅರ್ಧ ಕಿಲೋ ಕರಗಿಸಲು ದಿನಕ್ಕೆ 550 ಕ್ಯಾಲೊರಿ ಕಡಿಮೆ ಮಾಡಬೇಕು. ಒಂದು ದೊಡ್ಡ ಚಮಚ ತೆಂಗಿನೆಣ್ಣೆ ಅಂದರೆ 120 ಕ್ಯಾಲೊರಿ. ಹಾಗಾಗಿ ಒಗ್ಗರಣೆ, ಕರಿದ ತಿಂಡಿ, ಜೋನಿಬೆಲ್ಲ, ಚಹಾದ ಸಕ್ಕರೆಯಲ್ಲೇ ಇಷ್ಟನ್ನು ಉಳಿಸಬಹುದು. ಹೀಗೆ ಹೋದರೆ 9 ಕಿಲೋಗೆ 18 ವಾರ ಬೇಕು. ಇದನ್ನೇ 28 ದಿನದಲ್ಲಿ ಮಾಡಹೊರಟರೆ ದಿನಕ್ಕೆ ಸುಮಾರು 2,475 ಕ್ಯಾಲೊರಿ ಬಿಡಬೇಕು. ಹೆಚ್ಚುಕಡಿಮೆ ಇಡೀ ದಿನದ ಊಟವೇ ಅಷ್ಟಾಯಿತು! ಆಗ ಕೊಬ್ಬಿನ ಜೊತೆ ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ಮಾಂಸಖಂಡವೂ ಹೋಗುತ್ತದೆ, ಉಳಿದ ಲೆಕ್ಕ ತುಂಬಲು ನೀರು ಬಿಡುತ್ತಾರೆ. ನಮ್ಮ ಗೆಳೆಯನಿಗೆ ಆದದ್ದು ಇದೇ.

"ಮದ್ದಿಲ್ಲದೆ ಈಗಿನ ಕಾಲದಲ್ಲಿ ಆಗುತ್ತಾ?" ಎಂದು ಜಿಮ್ಮಿನಲ್ಲಿ ಕೇಳುತ್ತಾರೆ. ಹಿಂದೆ ಆಗಿದೆ. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರು. ಅವರು ಹುಟ್ಟಿದ್ದು 1897ರಲ್ಲಿ. ಟೆಸ್ಟೋಸ್ಟೆರಾನ್ ಪ್ರಯೋಗಾಲಯದಲ್ಲಿ ತಯಾರಾದದ್ದೇ 1935ರಲ್ಲಿ. ಅವರ ಯೌವನದ ಮೈಕಟ್ಟಿಗೆ ಯಾವ ಸಿರಿಂಜೂ ಕಾರಣವಲ್ಲ. ಬಂಗಾಳದ ಮನೋಹರ್ ಐಚ್ ಐದಡಿಯೂ ಇರಲಿಲ್ಲ. 1952ರಲ್ಲಿ ತಮ್ಮ ಎತ್ತರದ ವಿಭಾಗದಲ್ಲಿ ಮಿಸ್ಟರ್ ಯೂನಿವರ್ಸ್ ಆದರು, 2016ರಲ್ಲಿ ತೀರಿಕೊಂಡಾಗ ನೂರು ದಾಟಿತ್ತು. ಇವರ ಮೈ ಒಂದು ತಿಂಗಳಲ್ಲಿ ಆದದ್ದಲ್ಲ.

ಅಷ್ಟು ದೂರ ಯಾಕೆ, ನಮ್ಮ ಕೊನೆಗೌಡರನ್ನೇ ನೋಡಿ. ಅಡಿಕೆ ಮರದಿಂದ ಮರಕ್ಕೆ ಜೋಕಾಲಿಯಂತೆ ದಾಟುವವರ ಬೆನ್ನು, ತೋಳು ನೋಡಿದರೆ ಗೊತ್ತಾಗುತ್ತದೆ. ಆದರೆ ಒಂದು ವ್ಯತ್ಯಾಸ ಉಂಟು. ಅವರ ಮೈ ವರ್ಷಪೂರ್ತಿ ದುಡಿಯುವ ಮೈ. ವೇದಿಕೆಯ ಮೈ ಒಂದು ದಿನದ್ದು, ಅದಕ್ಕೆ ಬೆಲೆ ತೆರಬೇಕು. ಅಮೆರಿಕದಲ್ಲಿ ಮದ್ದು ಮುಟ್ಟದ ಒಬ್ಬ ಸ್ಪರ್ಧಿಯನ್ನು ಒಂದು ವರ್ಷ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದಾರೆ. ಆರು ತಿಂಗಳಲ್ಲಿ ಅವನ ಕೊಬ್ಬು ಶೇ 14.8ರಿಂದ 4.5ಕ್ಕೆ ಇಳಿಯಿತು. ಟೆಸ್ಟೋಸ್ಟೆರಾನ್ ಕಾಲು ಭಾಗಕ್ಕೆ ಕುಸಿಯಿತು. ನಿಮಿಷಕ್ಕೆ 53 ಇದ್ದ ಹೃದಯ ಬಡಿತ 27ಕ್ಕೆ ಬಂತು. ಸ್ಪರ್ಧೆ ಮುಗಿದ ಮೇಲೆ ಎಲ್ಲ ಮೊದಲಿನಂತಾಗಲು ತಿಂಗಳುಗಳೇ ಬೇಕಾದವು. ನಿಧಾನಕ್ಕೆ, ತಿಳಿದವರ ಕಣ್ಣೆದುರು ಮಾಡಿದವನಿಗೇ ಹೀಗಾದರೆ ಅವಸರದವರ ಪಾಡೇನು? ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತರೆ ಅದು 'ಡಯಟ್ ಸರಿ ನಡೆದಿದೆ' ಎಂಬ ಗುರುತಲ್ಲ, ವೈದ್ಯರ ಬಳಿ ಹೋಗಬೇಕು ಎಂಬ ಗುರುತು.

ಸಮಯ ಸಿಕ್ಕರೆ ಉಳಿದದ್ದು ಮನೆಯ ಅಡುಗೆಮನೆಯಲ್ಲೇ ಇದೆ. ಮಾಂಸಖಂಡ ಉಳಿಯಲು ಒಂದು ಕಿಲೋ ತೂಕಕ್ಕೆ ಸುಮಾರು 2 ಗ್ರಾಂ ಪ್ರೋಟೀನ್ ಬೇಕು, 72 ಕಿಲೋದವನಿಗೆ 140 ಗ್ರಾಂ. ಆರು ಮೊಟ್ಟೆಯಲ್ಲಿ 36, ಅರ್ಧ ಲೀಟರ್ ಹಾಲಿನಲ್ಲಿ 16, ನೂರು ಗ್ರಾಂ ಹುರುಳಿಯಲ್ಲಿ 22, ಐವತ್ತು ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26. ಇಲ್ಲಿಗೇ ನೂರಾಯಿತು. ಉಳಿದದ್ದು ಅನ್ನ, ಬೇಳೆ ಸಾರಿನಲ್ಲಿ, ತಿನ್ನುವವರಿಗೆ ಮೀನು ಕೋಳಿಯಲ್ಲಿ ಸಿಗುತ್ತದೆ. ಕಾಯಿ ಕಡಿಮೆ ಹಾಕಿದ ತಂಬುಳಿ, ಅಪ್ಪೆಹುಳಿ, ಮಜ್ಜಿಗೆ ನಮ್ಮವರ ವರದಾನ, ಹೊಟ್ಟೆಗೆ ತಂಪು, ಕ್ಯಾಲೊರಿ ಕಡಿಮೆ. ಭಾರ ಎತ್ತುವುದನ್ನು ಬಿಡಬಾರದು. ದಿನಾ ಬೆಳಿಗ್ಗೆ ತೂಕ ನೋಡಿ ವಾರದ ಸರಾಸರಿ ಬರೆದಿಟ್ಟರೆ, ಹೊಕ್ಕಳ ಸುತ್ತ ಟೇಪು ಹಿಡಿದರೆ ಸಾಕು. ತೂಕದ ಜೊತೆಗೆ ಎತ್ತುವ ಶಕ್ತಿಯೂ ಬೇಗ ಬೇಗ ಇಳಿಯುತ್ತಿದ್ದರೆ ಅವಸರವಾಯಿತು ಎಂದರ್ಥ.

ದಸರಾ ಹೊತ್ತಿಗೆ ಸ್ಪರ್ಧೆ ಎಂದರೆ ಮೃಗಶಿರ ಮಳೆ ಹಿಡಿಯುವ ಮೊದಲೇ ಶುರು ಮಾಡಬೇಕು. ಹಲಸಿನ ಹಪ್ಪಳದ ಮಳೆಗಾಲ, ಚೌತಿಯ ಚಕ್ಕುಲಿ ಕಂಬಳ, ಪಕ್ಷದ ವಡೆ, ಎಲ್ಲವೂ ನಡುವೆ ಬರುತ್ತವೆ. "ಒಂದು ಚಕ್ಲಿ ತಿಂದ್ರೆ ಎಂತಾ ಆಗ್ತೋ ತಮಾ?" ಎಂದು ಆಯಿ ಕೇಳಿಯೇ ಕೇಳುತ್ತಾಳೆ. 18 ವಾರ ಇದ್ದವನು ಒಂದು ಚಕ್ಕುಲಿ ತಿಂದು ನಗಬಹುದು. 4 ವಾರ ಇದ್ದವನು ಆಯಿಯ ಮೇಲೆ ಸಿಡುಕುತ್ತಾನೆ. ಮನೆಯಲ್ಲಿ ಜಗಳ ಹುಟ್ಟುವುದು ಇಲ್ಲೇ.

ಸಮಯ ಸಾಲದವನ ಪಕ್ಕದಲ್ಲಿ ಯಾರೋ ಒಬ್ಬ ಸೀಸೆ ಹಿಡಿದು ಬಂದು ನಿಲ್ಲುತ್ತಾನೆ. ಈ ಸ್ಟೆರಾಯ್ಡ್ ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ನೀರು ಇಳಿಸುವ ಮಾತ್ರೆ ಕೂಡ ಕ್ರೀಡೆಯ ನಿಷೇಧಿತ ಪಟ್ಟಿಯಲ್ಲಿದೆ. ಅದನ್ನು ನುಂಗಿ 'ನಾನು ನ್ಯಾಚುರಲ್' ಎಂದರೆ ಸುಳ್ಳು. ಉದ್ದೀಪನ ಮದ್ದಿನ ವಿರುದ್ಧ ನಮ್ಮ ದೇಶದಲ್ಲಿ 2022ರಲ್ಲಿ ಕಾಯ್ದೆಯೇ ಬಂದಿದೆ. ಪ್ರೋಟೀನ್ ಡಬ್ಬಿಯಲ್ಲಿ ಏನೋ ಬೆರೆತಿತ್ತು ಎಂದರೂ ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ.

ಮೂತ್ರ ಪರೀಕ್ಷೆ ಮಾಡಿಸುವಷ್ಟು ಹಣ ಊರ ಮಂಡಳಗಳಲ್ಲಿಲ್ಲ ಎಂಬುದು ನಮಗೂ ಗೊತ್ತು. ಹಾಗಿದ್ದರೆ ಬ್ಯಾನರಿನಲ್ಲಿ ಆ ಪದ ಬೇಡ. ಹಣವಿಲ್ಲದೆಯೂ ಮಾಡಬಹುದಾದದ್ದು ಬಹಳ ಇದೆ. ದಿನಾಂಕ ಆರು ತಿಂಗಳು ಮೊದಲು ಹೇಳಿ. 18 ವರ್ಷ ತುಂಬದವರನ್ನು ಸೇರಿಸಬೇಡಿ. ವೇದಿಕೆಯ ಹಿಂದೆ ಕುಡಿಯುವ ನೀರು ಇಡಿ, ಒಬ್ಬ ವೈದ್ಯರು ಇರಲಿ. ಸ್ಪರ್ಧಿಗಳನ್ನು ಕರೆದು ಒಂದು ದಿನ ಕೂರಿಸಿ, ನೀರು ಬಿಟ್ಟರೆ ಕಿಡ್ನಿಗೂ ಹೃದಯಕ್ಕೂ ಏನಾಗುತ್ತದೆ ಎಂದು ಅದೇ ವೈದ್ಯರಿಂದ ಹೇಳಿಸಿ.

ನಮ್ಮ ಗೆಳೆಯ ಈಗ ಮತ್ತೆ ಭಾರ ಎತ್ತುತ್ತಿದ್ದಾನೆ. ಅವನ ಪುಸ್ತಕದಲ್ಲಿ ವಾರವಾರದ ತೂಕ ಬರೆದಿದೆ. ಸ್ಪರ್ಧೆಯ ದಿನಾಂಕ ಬರೆಯಲು ಬಿಟ್ಟ ಜಾಗ ಮಾತ್ರ ಇನ್ನೂ ಖಾಲಿ ಇದೆ. ಅದನ್ನು ತುಂಬುವ ಕೆಲಸ ಮಂಡಳದವರದ್ದು.